ಲೆಕ್ಕ ಹಾಕದ ಅರ್ಧದಲ್ಲಿ ಕಂಡ ಬಾವಿ

ನಾನು ಇಂಥದನ್ನೆಲ್ಲ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು "ಅಯ್ಯೋ, ಇವಳೂ ಶುರು ಮಾಡಿದಳಾ" ಎಂದು ಪುಟ ತಿರುಗಿಸುತ್ತೀರಿ. ಯಲಹಂಕದಲ್ಲಿ ಹುಟ್ಟಿ ಬೆಳೆದ ನನಗೆ ಹುಣಸೆಮರದ ದೆವ್ವ, ಹಲ್ಲಿಯ ಶಕುನ, ಕನಸಿನಲ್ಲಿ ಬಂದು ಅಪ್ಪಣೆ ಕೊಡುವ ದೇವರು ಯಾವುದರ ಬಗ್ಗೆಯೂ ತಾಳ್ಮೆಯಿಲ್ಲ. ನಮ್ಮತ್ತೆ ಊಟದ ಹೊತ್ತಿನಲ್ಲಿ ಇಂಥ ಕತೆ ತೆಗೆದರೆ "ಅತ್ತೆ, ಸಾರು ಆರಿಹೋಗ್ತಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಪಾಪ, ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಈಗ ಅವರಿಲ್ಲ. ಇದ್ದಿದ್ದರೆ ಇದನ್ನು ಮೊದಲು ಅವರಿಗೇ ಹೇಳಿ ಬೈಸಿಕೊಳ್ಳುತ್ತಿದ್ದೆ.

ನನ್ನ ಕೆಲಸವೂ ನಂಬಿಕೆಗೆ ಜಾಗವಿಲ್ಲದ ಕೆಲಸ. ರಸ್ತೆಯನ್ನು ಉದ್ದಕ್ಕೂ ಅಗೆಯದೆ ನೆಲದಡಿಯಲ್ಲಿ ದೊಡ್ಡ ಒಳಚರಂಡಿ ಪೈಪು ಹಾಕುವ ಒಂದು ವಿಧಾನವಿದೆ. ಎರಡು ತುದಿಗಳಲ್ಲಿ ಒಂದು ಮನೆಯೆತ್ತರದಷ್ಟು ಆಳದ ಗುಂಡಿ ತೋಡುತ್ತಾರೆ. ಒಂದು ಗುಂಡಿಯೊಳಗೆ ಜಾಕ್ ಕೂರಿಸಿ, ಕಾಂಕ್ರೀಟ್ ಪೈಪುಗಳನ್ನು ಒಂದರ ಹಿಂದೆ ಒಂದರಂತೆ ಮಣ್ಣಿನೊಳಕ್ಕೆ ತಳ್ಳುತ್ತಾರೆ. ಮುಂದುಗಡೆ ಒಂದು ಯಂತ್ರ ಮಣ್ಣು ಕೊರೆಯುತ್ತ ದಾರಿ ಮಾಡಿಕೊಡುತ್ತದೆ. ಮೇಲೆ ಜನ ಎಂದಿನಂತೆ ತರಕಾರಿ ಕೊಳ್ಳುತ್ತಿರುತ್ತಾರೆ. ಹೀಗೆ ತಳ್ಳುವಾಗ ಸುತ್ತಲಿನ ಮಣ್ಣು ಎಷ್ಟು ಅಲುಗಾಡುತ್ತದೆ, ಮೇಲಿನ ನೆಲ ಎಷ್ಟು ಮಿಲಿಮೀಟರ್ ಕುಸಿಯುತ್ತದೆ, ಯಾರ ಮನೆಗಾದರೂ ಅಪಾಯವಿದೆಯೇ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಹೇಳುವವಳು ನಾನು. ಹೆಬ್ಬಾಳದ ಒಂದು ಕಚೇರಿಯ ಮೂರನೇ ಮಹಡಿಯಲ್ಲಿ ಕುಳಿತು ಎಷ್ಟೋ ಬೀದಿಗಳ ಮಣ್ಣನ್ನು ಅಲುಗಾಡಿಸಿ ನೋಡಿದ್ದೇನೆ.

ಈ ಲೆಕ್ಕದಲ್ಲಿ ನಮ್ಮವರದೊಂದು ಹಳೆಯ ಚಾಳಿಯಿದೆ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಣ್ಣನ್ನು ಸಾವಿರಾರು ಚೂರುಗಳಾಗಿ ಒಡೆದು ಒಂದೊಂದರ ಲೆಕ್ಕ ಮಾಡಲು ಕಂಪ್ಯೂಟರಿಗೆ ಗಂಟೆಗಟ್ಟಲೆ ಬೇಕು. ಅದಕ್ಕೆ ಪೈಪಿನ ಒಂದು ಬದಿಯನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಆಮೇಲೆ ಒಂದು ಗುಂಡಿ ಒತ್ತಿದರೆ ಅದೇ ಚಿತ್ರ ಇನ್ನೊಂದು ಬದಿಗೂ ಮೂಡುತ್ತದೆ, ಮಡಿಸಿದ ಬಟ್ಟೆಯಲ್ಲಿ ಅರ್ಧ ರವಿಕೆ ಕತ್ತರಿಸಿ ಬಿಡಿಸಿದ ಹಾಗೆ. ಆ ಬದಿಯನ್ನು ನಾವು ಕನ್ನಡಿ ಬದಿ ಎನ್ನುತ್ತೇವೆ. ಅದರಲ್ಲಿ ಕಾಣುವುದು ಲೆಕ್ಕವಲ್ಲ, ಬರೀ ನಕಲು. ಈ ಕಡೆ ಹೇಗೋ ಆ ಕಡೆಯೂ ಹಾಗೇ ಇರುತ್ತದೆ ಎಂಬ ಧೈರ್ಯದ ಮೇಲೆ ಬದುಕುವ ಜನ ನಾವು.

ಕೆಲವು ವರ್ಷಗಳ ಹಿಂದೆ ಅಬ್ಬಿಗೆರೆಯ ಹಳೇ ಊರಿನ ಭಾಗದಲ್ಲಿ ಒಂದು ಓಣಿಯ ಅಡಿಯಲ್ಲಿ ಹೀಗೆ ಪೈಪು ತಳ್ಳುವ ಕೆಲಸ ನಡೆದಿತ್ತು. ಓಣಿಯ ನಟ್ಟನಡುವೆ ಪೈಪಿನ ದಾರಿ, ಎರಡೂ ಕಡೆ ಒತ್ತೊತ್ತಾಗಿ ಮನೆಗಳು. ಎರಡು ತುದಿಯಲ್ಲಿ ನೆಲ ಕೊರೆದು ಮಣ್ಣಿನ ಪರೀಕ್ಷೆ ಮಾಡಿದ್ದರು. ಮೇಲೆ ಕೆಮ್ಮಣ್ಣು, ಅದರಡಿ ಮರಳು ಬೆರೆತ ಮಣ್ಣು, ಇನ್ನೂ ಕೆಳಗೆ ಮೆತ್ತಗಾದ ಬಂಡೆ. ಈ ಮೂರು ಪದರಗಳನ್ನೇ ಕಂಪ್ಯೂಟರಿಗೆ ಕೊಟ್ಟಿದ್ದೆ. ಮೊದಲ ಲೆಕ್ಕದಲ್ಲಿ ಎಲ್ಲ ಸರಿ ಬಂದು, ಕೆಲಸವೂ ಶುರುವಾಗಿತ್ತು. ತಳ್ಳುವ ಒತ್ತಡ ಸ್ವಲ್ಪ ಹೆಚ್ಚಾಗಿದೆ ಎಂದು ಸೈಟಿನಿಂದ ಹೇಳಿಕಳಿಸಿದ್ದರಿಂದ ಹೊಸ ಅಂಕಿ ಹಾಕಿ ಇನ್ನೊಮ್ಮೆ ಲೆಕ್ಕಕ್ಕೆ ಬಿಟ್ಟೆ. ಬೆಳಿಗ್ಗೆ ಹನ್ನೊಂದರ ಹೊತ್ತು. ನಡುವೆ ಒಂದು ಸಲ ಕರೆಂಟು ಹೋಗಿ ಬಂತು. ಬ್ಯಾಟರಿ ಇತ್ತು, ಲೆಕ್ಕ ನಿಲ್ಲಲಿಲ್ಲ.

ಚಿತ್ರ ಮೂಡಿದಾಗ ನಾನು ಕಾಫಿ ಕುಡಿಯುತ್ತಿದ್ದೆ. ಅಲುಗದ ಮಣ್ಣು ನೀಲಿ, ಕುಸಿಯುವ ಮಣ್ಣು ಕೆಂಪು. ಓಣಿ ಪೂರ್ತಿ ತಿಳಿನೀಲಿಯಾಗಿತ್ತು. ಆದರೆ ಒಂದು ಜಾಗದಲ್ಲಿ ಮಾತ್ರ, ನಡುಗೆರೆಯ ಎರಡೂ ಬದಿಗೆ ಸಮದೂರದಲ್ಲಿ, ಎರಡು ಕೆಂಪು ವೃತ್ತಗಳಿದ್ದವು. "ಇದೇನಪ್ಪಾ!" ಎಂದು ಜೋರಾಗಿಯೇ ಅಂದೆ. ಚಿತ್ರವನ್ನು ಹೊರಳಿಸಿ ಪಕ್ಕದಿಂದ ನೋಡಿದೆ. ಕೆಂಪು ಮೇಲ್ಮೈಯಲ್ಲಿ ನಿಂತಿರಲಿಲ್ಲ. ಕೊಳವೆಯ ಹಾಗೆ ನೆಟ್ಟಗೆ ಕೆಳಕ್ಕೆ ಇಳಿದು, ಬಂಡೆ ಸಿಗುವ ಕಡೆ ನಿಂತಿತ್ತು.

ನಾನು ಕೊಟ್ಟದ್ದು ಮೂರು ಚಪ್ಪಟೆ ಪದರ. ದುಂಡಗಿನ ವಸ್ತು ಯಾವುದನ್ನೂ ಕೊಟ್ಟಿರಲಿಲ್ಲ. ಕೊಡದೇ ಇದ್ದದ್ದನ್ನು ಕಂಪ್ಯೂಟರ್ ತೋರಿಸುವುದು ಹೇಗೆ? ಲೆಕ್ಕ ಎಲ್ಲೋ ಎಡವಿದೆ ಅಂದುಕೊಂಡೆ. ಆದರೆ ಎಡವಿದ ಲೆಕ್ಕವನ್ನು ನೋಡಿದರೆ ಗೊತ್ತಾಗುತ್ತದೆ, ಚಿಂದಿಚಿಂದಿಯಾಗಿ ಹರಡಿರುತ್ತದೆ. ಇದು ಯಾರೋ ಕೂತು ತಿದ್ದಿದಷ್ಟು ದುಂಡಗಿತ್ತು. ಒಂದು ಪ್ರಿಂಟ್ ತೆಗೆದು ಪಕ್ಕಕ್ಕಿಟ್ಟು, ಏನನ್ನೂ ಬದಲಿಸದೆ ಮತ್ತೆ ಲೆಕ್ಕಕ್ಕೆ ಬಿಟ್ಟೆ. ಈ ಸಲ ಓಣಿ ಉದ್ದಕ್ಕೂ ತಿಳಿನೀಲಿ. ವೃತ್ತಗಳೇ ಇಲ್ಲ. ಮೂರನೇ ಸಲ ಬಿಟ್ಟೆ, ಅದೇ ನೀಲಿ.

ನಿಯಮದ ಪ್ರಕಾರ ಆ ಪ್ರಿಂಟನ್ನು ಹರಿದು ಬಿಸಾಡಿ ಊಟಕ್ಕೆ ಹೋಗಬೇಕಿತ್ತು. ಡಬ್ಬಿ ಬಿಚ್ಚಿದೆ, ಸೇರಲಿಲ್ಲ. ಕೊರೆಯುವ ಯಂತ್ರ ಆ ಜಾಗಕ್ಕಿಂತ ಇನ್ನೂ ನಲವತ್ತು ಅಡಿ ಹಿಂದಿತ್ತು, ಮಾರನೆಯ ದಿನ ಅಲ್ಲಿಗೆ ಬರುತ್ತಿತ್ತು. ಸ್ಕೂಟರ್ ತೆಗೆದುಕೊಂಡು ಜಾಲಹಳ್ಳಿ ಕಡೆಯಿಂದ ಅಬ್ಬಿಗೆರೆಗೆ ಹೋದೆ.

ಅಲ್ಲಿ ಸೈಟ್ ಇಂಜಿನಿಯರ್ ಇಮ್ರಾನ್ ಇದ್ದ. ಆರ್.ಟಿ. ನಗರದ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಜೋರು. "ಏನ್ ಮೇಡಂ, ಎ.ಸಿ. ಬಿಟ್ಟು ಮಣ್ಣಿಗ್ ಬಂದ್ಬಿಟ್ರಿ? ದಾರಿ ತಪ್ತಾ?" ಅಂದ. ಪ್ರಿಂಟ್ ತೋರಿಸಿದೆ. ನಗು ನಿಲ್ಲಿಸಿ ಅದನ್ನು ಬಹಳ ಹೊತ್ತು ನೋಡಿದ. "ಬಲಗಡೇದು ಬಿಡಿ, ಅದು ಕನ್ನಡಿ ಬದಿ. ಎಡಗಡೇದ್ ನೋಡೋಣ ಬನ್ನಿ" ಎಂದು ಟೇಪು ತಂದ.

ನಡುಗೆರೆಯಿಂದ ಎಡಕ್ಕೆ ಹನ್ನೊಂದು ಅಡಿ. ಟೇಪಿನ ತುದಿ ಒಂದು ಮನೆಯ ಗೇಟು ದಾಟಿ, ಕಾರು ನಿಲ್ಲಿಸುವ ಸಿಮೆಂಟು ನೆಲದ ಮೇಲೆ ನಿಂತಿತು. ಆ ಮನೆಯ ಯಜಮಾನಿ ಜಯಮ್ಮ, ಎಪ್ಪತ್ತು ದಾಟಿದವರು, ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹಳೇ ಊರಿನವರು. ಇಲ್ಲಿ ಹಿಂದೆ ಏನಾದರೂ ಇತ್ತೇ ಎಂದು ಕೇಳಿದೆ.

"ಬಾವಿ ಇತ್ತಲ್ಲ ಕಣವ್ವ" ಅಂದರು, ಕೈ ನಿಲ್ಲಿಸದೆ. "ನಾನ್ ಸೊಸೆಯಾಗಿ ಬಂದಾಗ ಊರ್ಗೆಲ್ಲಾ ಅದೊಂದೇ ಬಾವಿ. ನಲ್ಲಿ ನೀರ್ ಬಂದ್ಮೇಲೆ ಕಸ ಉಯ್ದು ಮುಚ್ಚಾಕುದ್ರು."

"ಎಲ್ಲಿತ್ತಮ್ಮಾ?"

"ಇಲ್ಲೇ. ನೀನ್ ನಿಂತಿದ್ದೀಯಲ್ಲ, ಅದೇ ಜಾಗ."

ನಾನು ಹಾವು ತುಳಿದವಳಂತೆ ಪಕ್ಕಕ್ಕೆ ಹಾರಿದೆ. ಇಮ್ರಾನ್ ಟೇಪನ್ನು ನಡುಗೆರೆಯಿಂದ ಇನ್ನೊಮ್ಮೆ ಹಿಡಿದು ನೋಡಿದ, ಹನ್ನೊಂದೇ ಅಡಿ.

ಆಮೇಲಿನದು ನಮ್ಮ ಕೆಲಸದ ಮಾತು. ನಮ್ಮ ಮ್ಯಾನೇಜರಿಗೆ ಫೋನ್ ಮಾಡಿ, ಹಳೆಯ ಬಾವಿ ಸಿಕ್ಕಿದೆ ಎಂದಷ್ಟೇ ಹೇಳಿದೆ. ಚಿತ್ರದ ವಿಷಯ ಬಾಯಿ ಬಿಡಲಿಲ್ಲ. ಸಿಮೆಂಟು ನೆಲದಲ್ಲಿ ತೂತು ಕೊರೆದು ಕಬ್ಬಿಣದ ಸರಳು ಇಳಿಸಿದರೆ, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಕೆಳಗೆ ಬರೀ ಸಡಿಲ ಕಸ. ಪಕ್ಕದಲ್ಲಿ ಯಂತ್ರ ಹಾದಿದ್ದರೆ ಬಾವಿಯ ಗೋಡೆ ಜಾರಿ, ಜಯಮ್ಮನ ಮನೆಯ ಮುಂಭಾಗ ಒಳಕ್ಕೆ ಹೋಗುತ್ತಿತ್ತು. ಯಂತ್ರ ನಿಲ್ಲಿಸಿ, ತೆಳ್ಳಗೆ ಕಲಸಿದ ಸಿಮೆಂಟನ್ನು ಪಂಪಿನಿಂದ ಕೆಳಕ್ಕೆ ತುಂಬಿಸತೊಡಗಿದರು. ಆದರೆ ಒಮ್ಮೆ ತಳ್ಳಲು ಶುರು ಮಾಡಿದ ಪೈಪನ್ನು ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಸುತ್ತಲಿನ ಮಣ್ಣು ಬಿಗಿಯಾಗಿ ಹಿಡಿದುಕೊಂಡರೆ ಯಾವ ಜಾಕಿಗೂ ಜಗ್ಗುವುದಿಲ್ಲ. ಆಗ ಓಣಿಯನ್ನೇ ಮೇಲಿನಿಂದ ಅಗೆಯಬೇಕಾಗುತ್ತದೆ. ಅದಕ್ಕೇ ಮಾರನೆಯ ದಿನ ಮಧ್ಯಾಹ್ನ ತುಂಬಿಸಿ ಮುಗಿದ ಕೂಡಲೇ, ಮೂರು ಗಂಟೆಗೆ ಮತ್ತೆ ತಳ್ಳುವುದೆಂದು ತೀರ್ಮಾನವಾಯಿತು. ನಾನು ಒಪ್ಪಿಗೆಗೆ ಸಹಿಯನ್ನೂ ಹಾಕಿದೆ. ಎಲ್ಲರೂ ಹೊಗಳಿದರು, ನಾನೂ ಸ್ವಲ್ಪ ಬೀಗಿದೆ ಅನ್ನಿ.

ಮಾರನೆಯ ದಿನ ತುಂಬಿಸಿ ಮುಗಿಯುವುದನ್ನು ನೋಡಿಕೊಂಡು, ಎರಡೂವರೆಗೆ ಹೊರಡಲು ಸ್ಕೂಟರಿನ ಹತ್ತಿರ ಬಂದಾಗ ಎದುರುಗಡೆಯ ಮನೆಯಿಂದ ಎಳೆಮಗುವಿನ ಅಳು ಕೇಳಿಸಿತು. ಶೀಟು ಹಾಕಿದ ಸಣ್ಣ ಮನೆ, ಬಾಗಿಲಿನಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು. ಬಾಣಂತಿ ಇರುವ ಮನೆ. ಬಲಗಡೆಯ ಮನೆ. ಹನ್ನೊಂದು ಅಡಿಯೆಂದರೆ ಸರಿಯಾಗಿ ಅದರ ಮುಂದಿನ ಕೋಣೆಯೇ.

ನನ್ನ ಬುದ್ಧಿ ನನಗೆ ಹೇಳಿತು, ಲೇ, ಅದು ಕನ್ನಡಿ ಬದಿ ಕಣೇ, ನೀನೇ ಒತ್ತಿದ ಗುಂಡಿ. ಆ ಬದಿಯನ್ನು ಕಂಪ್ಯೂಟರ್ ನೋಡಿಯೇ ಇಲ್ಲ. ಇದು ನೂರಕ್ಕೆ ನೂರು ಸರಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಪಾಠ ಹೇಳಿಕೊಡುವವಳೇ ನಾನು. ಆದರೂ ಸ್ಕೂಟರ್ ಶುರು ಮಾಡಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಈ ಸಲ ಚಿತ್ರದ ವಿಷಯ ಹೇಳಿಯೇಬಿಟ್ಟೆ, ತಳ್ಳುವುದನ್ನು ಒಂದು ಗಂಟೆ ತಡೆಯಿರಿ ಎಂದು ಬೇಡಿದೆ. "ತಲೆ ಕೆಟ್ಟಿದ್ಯೇನ್ರೀ? ಕನ್ನಡಿ ಬದೀಲಿ ಬಾವಿ ಹುಡುಕ್ತೀರಾ?" ಎಂದು ಕಿರುಚಿದರು. "ಪೈಪ್ ಸಿಕ್ಕಾಕ್ಕೊಂಡ್ರೆ ನೀವೇ ಜವಾಬ್ದಾರಿ" ಎಂದು ಫೋನಿಟ್ಟರು. ಬೇಡ ಎಂದು ಮಾತ್ರ ಹೇಳಲಿಲ್ಲ. ಇಮ್ರಾನ್ ನನ್ನ ಮುಖ ನೋಡಿದ. "ಹೋಗಿ ಕೇಳಿ ಮೇಡಂ. ನಾನ್ ಇಲ್ಲಿ ಯಂತ್ರ ಹಿಡ್ಕೊಂಡಿರ್ತೀನಿ" ಅಂದ.

ಆ ಮನೆಯ ಹೊಸ್ತಿಲಲ್ಲಿ ಮುನಿಯಪ್ಪ ಎಂಬ ಮುದುಕರು ಕುಳಿತಿದ್ದರು. ಎಂಬತ್ತರ ಮೇಲಿನ ವಯಸ್ಸು. ಒಳಗೆ ಅವರ ಮೊಮ್ಮಗಳು ಸುಮ, ಇಪ್ಪತ್ತು ದಿನದ ಹೆಣ್ಣುಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಂಚದ ಮೇಲಿದ್ದಳು. ನಾನು ನಾಚಿಕೆ ಬಿಟ್ಟು ಕೇಳಿದೆ, "ತಾತ, ಈ ಮನೆಯ ಕೆಳಗೆ ಹಿಂದೆ ಬಾವಿ ಏನಾದ್ರೂ ಇತ್ತಾ?"

ಅವರು ನನ್ನನ್ನೇ ನೋಡಿದರು. "ಜಯಮ್ಮೋರು ಏನಂದ್ರು?"

"ಊರಿಗೆಲ್ಲ ಒಂದೇ ಬಾವಿ ಅಂದ್ರು."

"ಅವ್ರುಗೆ ಒಂದೇ" ಎಂದು ಮುದುಕರು ನಕ್ಕರು. ಆ ನಗು ನನಗೆ ಚುಚ್ಚಿತು.

ಆಮೇಲೆ ನಿಧಾನವಾಗಿ ಹೇಳಿದರು. "ಇದು ಊರ್ಗೂ ಕೇರಿಗೂ ನಡುವ್ಲ ದಾರಿ ಕಣವ್ವ. ಆ ಕಡೆ ಊರು, ಈ ಕಡೆ ನಮ್ ಕೇರಿ. ನಮ್ಮೋರ್ನ ಆ ಬಾವಿ ಅತ್ರುಕ್ ಬುಡ್ತಿರ್ಲಿಲ್ಲ. ಅವ್ರು ಸೇದಿ ಉಯ್ಯೋವರ್ಗೂ ಬಿಂದ್ಗೆ ಇಟ್ಕಂಡು ದಾರೀಲಿ ಕಾಯ್ಬೇಕಾಗಿತ್ತು. ನಮ್ಮವ್ವ ಇಂಗೆ ಒಂದಿನ ಬಿಸ್ಲಲ್ಲಿ ಕಾದು ಕಾದು ಬಿದ್ಬುಟ್ಲು. ಮಾರ್ನೆ ದಿನ ನಮ್ಮಪ್ಪ ನಡುದಾರೀಲಿ ನಿಂತ್ಕಂಡ. ಅತ್ರ ಓಗಂಗಿಲ್ವಲ್ಲ, ಆ ಬಾವಿ ಎಷ್ಟ್ ದೂರ ಐತೆ ಅಂತ ಕಣ್ಣಲ್ಲೇ ಅಳ್ದ. ಆಮೇಲೆ ತಿರುಗ್ಬುಟ್ಟು ಅಷ್ಟೇ ದೂರ ಈ ಕಡೀಕ್ ಎಜ್ಜೆ ಆಕ್ದ. ನಿಂತ್ ಕಡೆ ಗುದ್ಲಿ ಇಟ್ಟ. ಅವ್ರುದ್ ಎಷ್ಟ್ ದೂರವೋ ನಮ್ದೂ ಅಷ್ಟೇ ದೂರ, ಅವ್ರುದ್ ಎಷ್ಟ್ ಆಳವೋ ನಮ್ದೂ ಅಷ್ಟೇ ಆಳ ಅಂದ."

ನಾನು ಪ್ರಿಂಟನ್ನು ಬಿಡಿಸಿ ಹಿಡಿದೆ. "ಆ ಬಾವಿ ಎಲ್ಲಿ ತಾತ?"

ಮುದುಕರು ಬೆರಳು ಚಾಚಿ ಮೊಮ್ಮಗಳ ಮಂಚದ ಕೆಳಗೆ ತೋರಿಸಿದರು. "ನಲ್ಲಿ ಬಂದ್ಮೇಲೆ ಚಪ್ಪಡಿ ಮುಚ್ಚಿ ಮೇಲೆ ಮನೆ ಕಟ್ಕಂಡ್ವಿ. ಮಣ್ ತುಂಬ್ಸಾಕೆ ಮನ್ಸ್ ಬರ್ಲಿಲ್ಲ."

ಆ ಕ್ಷಣದಲ್ಲಿ ನನಗೆ ಆದದ್ದು ಭಯವಲ್ಲ. ದೊಡ್ಡದೊಂದರ ಮುಂದೆ ನಿಂತಾಗ ಮನಸ್ಸು ತಾನಾಗಿ ತಲೆ ಬಾಗುತ್ತದಲ್ಲ, ಅಂಥದ್ದು. ಆದರೆ ನಿಂತು ನೋಡಲು ಹೊತ್ತಿರಲಿಲ್ಲ. ಬಾಣಂತಿಯನ್ನು ಈಗಿಂದೀಗ ಎಬ್ಬಿಸಬೇಕು ಅಂದೆ. ಮುದುಕರು ಒಪ್ಪಲಿಲ್ಲ. ತಿಂಗಳು ತುಂಬದ ಬಾಣಂತಿಯನ್ನು ಗಾಳಿಗೆ ಕರೆದುಕೊಂಡು ಎಲ್ಲಿಗೆ ಹೋಗುವುದು? ನಾನು ಅವರ ಕೈ ಹಿಡಿದುಕೊಂಡು ಬೇಡಿದೆ. ಅಷ್ಟರಲ್ಲಿ ಜಯಮ್ಮ ಓಣಿ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಮುಖ ಕಪ್ಪಿಟ್ಟಿತ್ತು.

"ನಮ್ಮನೆಗ್ ಕರ್ಕಂಡ್ ಬಾ ಮುನಿಯಪ್ಪ" ಅಂದರು. "ಒಳ್ಗಡೆ ಕೋಣೆ ಬೆಚ್ಗೈತೆ."

ಮುದುಕರು ಹೊಸ್ತಿಲು ಬಿಟ್ಟು ಏಳಲಿಲ್ಲ. ಕೊನೆಗೆ ಸುಮಳೇ ಎದ್ದು, ಕಿವಿಗೆ ಬಟ್ಟೆ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡು ಹೊರಟಳು. ಜಯಮ್ಮ ಮಗುವಿಗೆ ಕೈ ಚಾಚಿದರು. ಅವಳು ಕೊಟ್ಟಳು.

ಮಂಚ ಸರಿಸಿ ನೆಲ ಕೊರೆದರು. ಒಂದಡಿ ಕೆಳಗೆ ಕಲ್ಲಿನ ಚಪ್ಪಡಿ ಸಿಕ್ಕಿತು. ಅದರ ಸಂದಿಯಲ್ಲಿ ಇಳಿಬಿಟ್ಟ ಸರಳು ಇಮ್ರಾನನ ಕೈಯಿಂದ ಜಾರಿ, ಪೂರ್ತಿ ಮಾಯವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಹಳ ಕೆಳಗಿನಿಂದ ನೀರಿನ ಸದ್ದು ಬಂತು. ಕೋಣೆಯಲ್ಲಿದ್ದ ನಾವಷ್ಟೂ ಜನ ಆ ತೂತಿನ ಮೇಲೆ ಬಗ್ಗಿದೆವು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. "ಯಾ ಅಲ್ಲಾ" ಎಂದು ಇಮ್ರಾನ್ ಪಿಸುಗುಟ್ಟಿದ. ಟೇಪು ಹಿಡಿದು ನೋಡಿದರೆ ನಡುಗೆರೆಯಿಂದ ಹನ್ನೊಂದು ಅಡಿ. ಎಡದ ಬಾವಿಗೂ ಬಲದ ಬಾವಿಗೂ ಒಂದು ಗೇಣಿನ ವ್ಯತ್ಯಾಸವೂ ಇಲ್ಲ. ಒಬ್ಬ ಮನುಷ್ಯ ಹೊಟ್ಟೆಯುರಿಯಲ್ಲಿ ನಿಂತು ಬರಿಗಣ್ಣಿನಲ್ಲಿ ಅಳೆದದ್ದು ಅದು.

ಜಯಮ್ಮ ಮತ್ತೆ ಬಂದು ಆ ತೂತಿನೊಳಗೆ ಬಗ್ಗಿ ನೋಡಿದರು. "ಇಷ್ಟ್ ವರ್ಷ ಎದ್ರುಗೇ ಇದೀನಿ. ನಂಗ್ ಗೊತ್ತೇ ಇರ್ಲಿಲ್ಲ ಮುನಿಯಪ್ಪ."

"ಕಾಣಂಗೇ ಇತ್ತಲ್ಲಮ್ಮ" ಅಂದರು ಮುದುಕರು. ಸಿಟ್ಟಿನಿಂದ ಹೇಳಲಿಲ್ಲ. ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮಗು ಮಲಗಿದ್ದ ತಮ್ಮ ಮನೆಗೆ ಹೋದರು.

ಆ ಬಾವಿ ತುಂಬಲು ಎರಡು ದಿನ ಹಿಡಿಯಿತು. ಪೈಪು ಸಿಕ್ಕಿಹಾಕಿಕೊಳ್ಳುವುದರಲ್ಲಿತ್ತು. ಇಮ್ರಾನ್ ಗಂಟೆಗೊಮ್ಮೆ ಅದನ್ನು ಬೆರಳಷ್ಟು ಬೆರಳಷ್ಟು ತಳ್ಳಿಸುತ್ತ ಜೀವಂತ ಇಟ್ಟ. ಕೊನೆಗೆ ಅದು ಹಾದುಹೋಯಿತು. ಎರಡೂ ಮನೆಗಳ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕು ಬರಲಿಲ್ಲ. ಅಷ್ಟೂ ದಿನ ಬಾಣಂತಿ ಮತ್ತು ಮಗು ಜಯಮ್ಮನ ಮನೆಯಲ್ಲೇ ಇದ್ದರು.

ಇನ್ನು ನೀವು ಕೇಳುವುದನ್ನೆಲ್ಲ ನಾನೇ ನನ್ನನ್ನು ಕೇಳಿಕೊಂಡಿದ್ದೇನೆ. ಆ ಕಡತವನ್ನು ಮತ್ತೆ ಎಷ್ಟು ಸಲ ಲೆಕ್ಕಕ್ಕೆ ಬಿಟ್ಟೆನೋ, ಪ್ರತಿ ಸಲವೂ ನೀಲಿ. ಕರೆಂಟು ಹೋಗಿ ಬಂದಾಗ ಅಂಕಿಗಳು ಕೆಟ್ಟಿರಬಹುದು ಎಂದು ನನಗಿಂತ ಬಲ್ಲವರು ಹೇಳಿದರು. ಕೆಡಲಿ, ಕೆಟ್ಟ ಅಂಕಿ ಇಷ್ಟೊಂದು ಜಾಗ ಬಿಟ್ಟು ಅಲ್ಲೇ ಯಾಕೆ ಕೆಡಬೇಕು? ಹೋಗಲಿ, ಎಡಗಡೆಯ ಬಾವಿ ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ. ಬಲಗಡೆಯದನ್ನು ಏನು ಮಾಡಲಿ? ಆ ಬದಿಯ ಲೆಕ್ಕವನ್ನೇ ನಾನು ಹಾಕಿರಲಿಲ್ಲ. ಈ ಕಡೆ ಹೇಗೋ ಆ ಕಡೆಯೂ ಹಾಗೇ ಇರಲಿ ಎಂದು ನಾನು ಸೋಮಾರಿತನಕ್ಕೆ ಅಂದುಕೊಂಡೆ. ನನಗೆ ಎಷ್ಟೋ ವರ್ಷ ಮೊದಲು ಅದೇ ಮಾತನ್ನು ಒಬ್ಬ ಗುದ್ದಲಿ ಹಿಡಿದು ನಿಜ ಮಾಡಿಟ್ಟಿದ್ದ. ಇವೆರಡೂ ಒಂದಕ್ಕೊಂದು ಸೇರಿದ್ದು ಹೇಗೆ? ಪ್ರಿಂಟು ನನ್ನ ಬೀರುವಿನಲ್ಲಿದೆ. ಅನುಮಾನವಿದ್ದವರು ಬಂದು ನೋಡಬಹುದು.

ಹೋದ ತಿಂಗಳು ಅಬ್ಬಿಗೆರೆಗೆ ಹೋಗಿದ್ದೆ. ಮುನಿಯಪ್ಪ ಇನ್ನೂ ಇದ್ದಾರೆ, ಕಣ್ಣು ಮಂಜಾಗಿದೆ. ಆ ಮಗುವಿಗೆ ಈಗ ಐದು ವರ್ಷ. ನಾನು ಹೋದಾಗ ಮುಂದಿನ ಕೋಣೆಯಲ್ಲಿ, ಸರಿಯಾಗಿ ಆ ಜಾಗದ ಮೇಲೆ, ಒಂಟಿ ಕಾಲಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಧಪ್ ಧಪ್ ಎಂದು ನೆಗೆಯುತ್ತಿದ್ದಳು, ನೆಲ ಗಟ್ಟಿಯಾಗಿ ಅವಳನ್ನು ಹೊತ್ತುಕೊಂಡಿತ್ತು. ನನಗೆ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು.

ಮುದುಕರು ನನ್ನ ಕಡೆ ತಿರುಗಿ ಕೇಳಿದರು, "ಅಲ್ಲ ಕಣವ್ವ, ಏಳು ನೋಡನ. ನಮ್ಮಪ್ಪ ಎಜ್ಜೆ ಆಕಿದ್ದು ನಿನ್ ಕಂಪ್ಯೂಟ್ರಿಗೆ ಎಂಗ್ ಗೊತ್ತಾಯ್ತು?"

"ಗೊತ್ತಿಲ್ಲ ತಾತ" ಅಂದೆ.

ಅವರು ತಲೆಯಾಡಿಸಿದರು. ಒಳಗೆ ಹುಡುಗಿ ನೆಗೆಯುತ್ತಲೇ ಇದ್ದಳು.